ನಡುಗದ ಮಿಷಿನ್ನು

ಅವರ ಬಲಗೈಯ ಹೆಬ್ಬೆರಳು ತೋರುಬೆರಳಿನ ತುದಿಯನ್ನು ಸದಾ ತಿಕ್ಕುತ್ತಿರುತ್ತಿತ್ತು, ಕಣ್ಣಿಗೆ ಕಾಣದ ಸಾಸಿವೆ ಕಾಳೊಂದನ್ನು ಎರಡು ಬೆರಳ ನಡುವೆ ಹಿಡಿದು ಹೊರಳಿಸುತ್ತಿರುವ ಹಾಗೆ. ಪೇಪರ್ ಓದುವಾಗ, ಕಾಂಪೌಂಡಿನ ಪಕ್ಕ ಕುರ್ಚಿ ಹಾಕಿಕೊಂಡು ಬಿಸಿಲು ಕಾಯುವಾಗ, ತರಕಾರಿ ಗಾಡಿಯವನ ಜೊತೆ ಚೌಕಾಸಿ ಮಾಡುವಾಗ, ಆ ಎರಡು ಬೆರಳುಗಳು ತಮ್ಮ ಪಾಡಿಗೆ ತಾವು ದುಡಿಯುತ್ತಲೇ ಇರುತ್ತಿದ್ದವು. ಹೊಸದಾಗಿ ನೋಡಿದವರು ಜಪ ಮಾಡುತ್ತಿದ್ದಾರೆ ಅಂದುಕೊಳ್ಳಬೇಕು. ಮೊದಲ ದಿನ ನಾನೂ ಹಾಗೆಯೇ ಅಂದುಕೊಂಡಿದ್ದೆ.

ಅವರು ನಮ್ಮ ಮನೆ ಓನರು. ಚಿಂತಾಮಣಿಯ ಕಾಲೇಜೊಂದಕ್ಕೆ ಭೌತಶಾಸ್ತ್ರ ಹೇಳಿಕೊಡಲು ವರ್ಗವಾಗಿ ಬಂದಾಗ ಬಾಡಿಗೆ ಮನೆ ಹುಡುಕಿ ಸುಸ್ತಾಗಿದ್ದೆ. ಮನೆ ತೋರಿಸಿದವರೆಲ್ಲ ಎರಡನೆಯ ಮಾತಿಗೇ "ಯಜಮಾನ್ರು ಏನು ಕೆಲಸ ಮಾಡ್ತಾರೆ?" ಎಂದು ಕೇಳುತ್ತಿದ್ದರು. ಗಂಡನಿಂದ ಬೇರೆಯಾಗಿದ್ದೇನೆ ಎಂದು ಹೇಳಿದ ಕೂಡಲೇ ಆ ಮನೆ ಬೇರೆ ಯಾರಿಗೋ ಮಾತಾಗಿಬಿಟ್ಟಿರುತ್ತಿತ್ತು. ಇವರು ಮಾತ್ರ ಬೀಗ ತೆಗೆದು, ಮಹಡಿಯ ಮೇಲಿನ ಎರಡು ಕೋಣೆ ತೋರಿಸಿ, "ಮೇಲ್ಗಡೆ ಬಿಸಿಲು ಜಾಸ್ತಿ ಮೇಡಂ. ತಡ್ಕೋತೀರಾ?" ಎಂದಷ್ಟೇ ಕೇಳಿದರು. ಆಮೇಲೆ ಗೊತ್ತಾಗಿ ತೊಂದರೆಯಾಗುವುದು ಬೇಡವೆಂದು ನನ್ನ ವಿಷಯ ನಾನೇ ಹೇಳಿದೆ. "ಪರವಾಲೇದು" ಎಂದರು. ಪರವಾಗಿಲ್ಲ ಅನ್ನುವುದನ್ನು ಅವರು ಯಾವಾಗಲೂ ತೆಲುಗಿನಲ್ಲೇ ಹೇಳುತ್ತಿದ್ದರು. ಮುರುಗಮಲ್ಲದ ಕಡೆ ಅವರ ಹಳ್ಳಿ, ಅಲ್ಲಿ ಸ್ವಲ್ಪ ಹೊಲ, ಚಿಂತಾಮಣಿಯಲ್ಲಿ ಈ ಮನೆ. ನಾನು ಅವರನ್ನು ಸಾರ್ ಎಂದು ಕರೆದೆ, ಅವರ ಹೆಂಡತಿಯನ್ನು ಅಮ್ಮ ಎಂದು. ಕೊನೆಯವರೆಗೂ ಹಾಗೆಯೇ ನಡೆಯಿತು.

ಸಾರ್ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಹರಾಜು ಕಂಪ್ಯೂಟರಿಗೆ ಹೋಗುವ ಮೊದಲು ಗೂಡಿನ ರಾಶಿಗಳ ಮುಂದೆ ನಿಂತು ಬೆಲೆ ಕೂಗುತ್ತಿದ್ದವರು. ಆ ಗಂಟಲನ್ನು ಮನೆಗೂ ತಂದಿದ್ದರು. ಅಂಗಳದಲ್ಲಿ ನಿಂತು "ಮೇಡಂ, ಟ್ಯಾಂಕ್ ತುಂಬ್ತಾ ನೋಡಿ" ಎಂದು ಕರೆದರೆ ಎದುರು ಸಾಲಿನ ಮನೆಯವರೂ ಹೋಗಿ ತಮ್ಮ ಟ್ಯಾಂಕು ನೋಡಿಕೊಂಡು ಬರುತ್ತಿದ್ದರು. ಮನೆಯ ಹಿಂದೆ ತಗಡಿನ ಶೆಡ್ಡೊಂದಿತ್ತು. ನಿವೃತ್ತಿಯಾದ ಮೇಲೆ ಅಲ್ಲಿ ಮರಗೆಲಸ ಶುರು ಮಾಡಿದ್ದರು. ಯಾರೂ ಕಲಿಸಿದ್ದಲ್ಲ, ಯಾರಿಗೂ ಮಾರಿದ್ದೂ ಅಲ್ಲ. ಸಾಮಿಲ್ಲಿನಿಂದ ಬೇವು, ಹಲಸಿನ ತುಂಡುಗಳನ್ನು ತಂದು ಮಣೆ, ಲಟ್ಟಣಿಗೆ, ಮೊಮ್ಮಗುವಿಗೊಂದು ಎತ್ತಿನ ಗಾಡಿ, ಹೀಗೆ. ಅವರ ಮಣೆಗಳು ಒಂದೂ ನೆಲಕ್ಕೆ ಸಮನಾಗಿ ಕೂರುತ್ತಿರಲಿಲ್ಲ. ನನಗೆ ಕೊಟ್ಟ ಮಣೆಯ ಒಂದು ಕಾಲಿನ ಕೆಳಗೆ ಇವತ್ತಿಗೂ ಮಡಿಸಿದ ರಟ್ಟಿನ ಚೂರಿದೆ.

ಅಮ್ಮ ಓದುವ ಹುಚ್ಚಿನವರು. ವಾರಪತ್ರಿಕೆಗಳ ಧಾರಾವಾಹಿಗಳನ್ನು ಕತ್ತರಿಸಿ, ದಾರ ಹಾಕಿ ಹೊಲಿದಿಟ್ಟುಕೊಂಡವರು. ನಾನು ಆ ಮನೆಗೆ ಬರುವ ಹೊತ್ತಿಗೆ ಅವರ ಎರಡೂ ಕಣ್ಣು ಹೋಗಿದ್ದವು. ಗ್ಲಕೋಮಾ. ನೋವಿಲ್ಲದೆ, ಸದ್ದಿಲ್ಲದೆ, ಅಂಚಿನಿಂದ ಕತ್ತಲಾಗುತ್ತ ಬಂತಂತೆ. ಕಣ್ಣಿನ ಡಾಕ್ಟರು ನರ ಒಣಗಿದೆ, ಇನ್ನು ಮಾಡುವುದೇನಿಲ್ಲ ಎಂದ ದಿನ ಸಾರ್ ಮನೆಗೆ ಬಂದು ಶೆಡ್ಡಿಗೆ ಹೋದವರು, ಸಂಜೆ ಒಂದು ಪುಟ್ಟ ಹಲಗೆ ಹಿಡಿದುಕೊಂಡು ಹೊರಗೆ ಬಂದರಂತೆ. ಹಲಗೆಯ ಮೇಲೆ 'ಉಪ್ಪು' ಎಂದು ಆಳವಾಗಿ ಕೊರೆದಿದ್ದರು. ಅದನ್ನು ಉಪ್ಪಿನ ಡಬ್ಬಕ್ಕೆ ಕಟ್ಟಿ, ಅಮ್ಮನ ಬೆರಳು ಹಿಡಿದು ಅಕ್ಷರದ ಮೇಲೆ ಆಡಿಸಿದರು. ಅಮ್ಮ ಓದಿದರು. ಅಲ್ಲಿಂದ ಸಕ್ಕರೆ, ಮೆಂತ್ಯ, ಧನಿಯ, ಅಡಿಗೆಮನೆಯ ಡಬ್ಬಗಳೆಲ್ಲ ಮಾತಾಡತೊಡಗಿದವು.

ಡಬ್ಬಗಳು ಮುಗಿದ ಮೇಲೂ ಸಾರ್ ನಿಲ್ಲಿಸಲಿಲ್ಲ. ವಾರಕ್ಕೊಂದು ಹಲಗೆ ಮಾಡಿ, ಅದರ ಮೇಲೆ ಒಂದು ಸಾಲು ಕೊರೆದು, ಉಪ್ಪು ಕಾಗದದಿಂದ ಉಜ್ಜಿ ಅಮ್ಮನ ಮಡಿಲಿಗಿಡುತ್ತಿದ್ದರು. 'ನುಗ್ಗೆ ಮರ ಚಿಗುರಿದೆ.' 'ಎದುರು ಮನೆಗೆ ಹಳದಿ ಬಣ್ಣ ಹೊಡೆದರು, ಚೆನ್ನಾಗಿಲ್ಲ.' ಕಣ್ಣಿರುವವರಿಗೆ ಮಾತ್ರ ಗೊತ್ತಾಗುವ ಸುದ್ದಿಗಳು. ಬಾಯಲ್ಲೇ ಹೇಳಬಹುದಲ್ಲ ಸಾರ್ ಎಂದು ನಾನೊಮ್ಮೆ ಕೇಳಿದ್ದೆ. "ಹೇಳ್ಬೋದು ಮೇಡಂ. ಆದ್ರೆ ಅವಳಿಗೆ ಕೇಳೋದಕ್ಕಿಂತ ಓದೋದು ಇಷ್ಟ" ಎಂದರು. ಅಮ್ಮನಿಗೆ ಬ್ರೈಲ್ ಲಿಪಿ ಕಲಿಸಲು ಅವರ ಮಗಳು ಪ್ರಯತ್ನಿಸಿದ್ದಳು. ಗೌರಿಬಿದನೂರಿನಲ್ಲಿ ಕೆಲಸದಲ್ಲಿದ್ದ ಆಕೆ ಭಾನುವಾರಗಳಂದು ಬಂದು ಹೋಗುತ್ತಿದ್ದಳು. "ಆ ಚುಕ್ಕೆ ನಂಗೆ ಹತ್ತಲ್ಲ ಕಣೇ, ರಾಗಿ ಕಾಳು ಮುಟ್ಟಿದ ಹಾಗಾಗುತ್ತೆ. ನಂಗೆ ಕನ್ನಡದಕ್ಷರಾನೇ ಬೇಕು" ಎಂದು ಅಮ್ಮ ಕೈ ಕೊಡವಿಬಿಟ್ಟಿದ್ದರು.

ಆಮೇಲೆ ಸಾರ್ ಕೈಗೆ ನಡುಕ ಬಂತು. ಬಂತು ಎನ್ನುವುದು ತಪ್ಪು, ಮೊದಲೇ ಬಂದಿತ್ತು. ಸದಾ ತಿಕ್ಕುತ್ತಿದ್ದ ಆ ಬೆರಳುಗಳಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಮೊಣಕೈಗೆ ಹತ್ತಿತು. ಪಾರ್ಕಿನ್ಸನ್ ಎಂದು ಡಾಕ್ಟರು ಹೇಳಿದರು. ಹೇಗಿದ್ದೀರಿ ಎಂದು ಡಾಕ್ಟರು ಕೇಳಿದರೆ "ಪರವಾಲೇದು" ಎನ್ನುತ್ತಿದ್ದರು. ಮಾತ್ರೆಯ ಡೋಸ್ ಹೆಚ್ಚಾಗುತ್ತಿತ್ತು, ಪರವಾಲೇದು ಹಾಗೆಯೇ ಇರುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಕರಿಬೇವು ಕೇಳಲು ನಾನು ಕೆಳಗೆ ಹೋಗಿದ್ದೆ. ಅಮ್ಮ ಹಜಾರದಲ್ಲಿ ಕೂತಿದ್ದರು, ಸಾರ್ ಹೊಸ ಹಲಗೆಯೊಂದನ್ನು ಅವರ ಮಡಿಲಿಗಿಟ್ಟು ಎದುರಿಗೆ ನಿಂತಿದ್ದರು. ಹಲಗೆಯ ತುಂಬ ಉಳಿ ಜಾರಿದ ಗೀರುಗಳು. ನನ್ನ ಕಣ್ಣಿಗೇ ಅದನ್ನು ಓದುವುದು ಕಷ್ಟವಾಯಿತು. 'ಮಳೆ ಮೋಡ ಕಟ್ಟಿದೆ' ಎಂದಿರಬೇಕು. ಅಮ್ಮನ ಬೆರಳು ಮೊದಲ ಅಕ್ಷರದ ಮೇಲೆ ಹೋಯಿತು, ಹಿಂದೆ ಬಂತು, ಮತ್ತೆ ಹೋಯಿತು. ಒಂದು ಗೀರಿನ ಜಾಡು ಹಿಡಿದು ಹಲಗೆಯ ಅಂಚಿನವರೆಗೂ ಹೋಗಿ ಅಲ್ಲಿ ನಿಂತುಬಿಟ್ಟಿತು. ಆಮೇಲೆ ಅವರು ಮುಖ ಎತ್ತಿ ನಕ್ಕರು.

"ಸೀಬೆ ಗಿಡ ಹೂ ಬಿಟ್ಟಿದ್ಯಾ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಸಾರ್ ನನ್ನ ಕಡೆ ನೋಡಿ ತಲೆಯಾಡಿಸಿದರು, ಏನೂ ಹೇಳಬೇಡಿ ಎನ್ನುವಂತೆ.

"ಹೂಂ. ಸರಿಯಾಗಿ ಓದ್ದೆ" ಎಂದರು ಹೆಂಡತಿಗೆ.

ಕರಿಬೇವು ಕೇಳುವುದನ್ನು ಮರೆತು ನಾನು ಮೇಲೆ ಬಂದುಬಿಟ್ಟೆ. ಅವತ್ತೇ ಸಂಜೆ ಸಾರ್ ಮೆಟ್ಟಿಲ ಕಟಾಂಜನ ಹಿಡಿದುಕೊಂಡು ನಿಧಾನವಾಗಿ ಮೇಲೆ ಹತ್ತಿ ಬಂದರು. ಬಾಗಿಲಲ್ಲಿ ನಿಂತು ಏನೋ ಹೇಳಿದರು, ನನಗೆ ಕೇಳಲಿಲ್ಲ. ಆಗ ನನಗೆ ಗಮನಕ್ಕೆ ಬಂತು, ಕೆಲವು ತಿಂಗಳುಗಳಿಂದ ಅಂಗಳದ ಕೂಗು ನಿಂತೇ ಹೋಗಿದೆ ಎಂದು. ಈ ಕಾಯಿಲೆ ಕೈಯನ್ನಷ್ಟೇ ಹಿಡಿಯುವುದಿಲ್ಲ, ಗಂಟಲನ್ನೂ ಹಿಡಿಯುತ್ತದೆ. ಮಾತಾಡುವವರಿಗೆ ತಾವು ಜೋರಾಗಿಯೇ ಮಾತಾಡುತ್ತಿದ್ದೇವೆ ಅನಿಸುತ್ತದಂತೆ. ಎದುರಿಗಿದ್ದವರಿಗೆ ಪಿಸುಮಾತು.

ನಾನು ಹತ್ತಿರ ಹೋದಾಗ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು. ಮೇಜಿನ ಮೇಲೆ ಕೂರುವಷ್ಟು ಚಿಕ್ಕ ಯಂತ್ರ. ಗಿರ್ರೆಂದು ತಿರುಗುವ ಸಣ್ಣ ಕೊರೆಯುವ ಮೊಳೆಯೊಂದು ತಾನೇ ಅತ್ತಿತ್ತ ಓಡಾಡಿ ಹಲಗೆಯ ಮೇಲೆ ಯಾರದೋ ಹೆಸರು ಕೆತ್ತುತ್ತಿತ್ತು. "ಸಿಎನ್‌ಸಿ ರೌಟರ್ ಅಂತೆ. ಟೈಪ್ ಮಾಡಿದ್ರೆ ಸಾಕಂತೆ, ಅದೇ ಕೆತ್ತುತ್ತಂತೆ" ಎಂದರು. ಫೋನನ್ನು ಜೇಬಿಗೆ ಹಾಕಿಕೊಳ್ಳುತ್ತ, "ಅವಳಿಗೆ ಕಣ್ಣಿಲ್ಲ. ನನ್ನ ಬಾಯಿ ಹೋಗ್ತಾ ಐತೆ. ಕೈ ಹೋಗೇ ಹೋಯ್ತು. ಇನ್ನು ನಾವಿಬ್ರೂ ಹೆಂಗೆ ಮಾತಾಡೋದು ಮೇಡಂ?" ಎಂದರು.

ನಾನು ಕುರ್ಚಿ ಎಳೆದುಕೊಟ್ಟೆ.

ಮಗಳು ಮೊದಲು ಸುಲಭದ ದಾರಿಯನ್ನೇ ಹಿಡಿದಿದ್ದಳು. ಟೈಪ್ ಮಾಡಿದ್ದನ್ನು ಓದಿ ಹೇಳುವ ಸೌಲಭ್ಯವನ್ನು ಅಪ್ಪನ ಫೋನಿಗೆ ಹಾಕಿಕೊಟ್ಟಳು. ಸಾರ್ 'ನೀರು ಕೊಡು' ಎಂದು ಒತ್ತಿದರೆ ಫೋನಿನೊಳಗಿಂದ ಒಬ್ಬ ಹೆಂಗಸು ಗಟ್ಟಿಯಾಗಿ "ನೀರು ಕೊಡು" ಎನ್ನುತ್ತಿದ್ದಳು. ನೀರು, ಮಾತ್ರೆ, ಫ್ಯಾನು ಇಷ್ಟಕ್ಕೆ ಅದು ಸಾಕಾಗಿತ್ತು. ಉಳಿದದ್ದಕ್ಕೆ ಅಮ್ಮ ಒಪ್ಪಲಿಲ್ಲ. "ಯಾವಳೋ ಒಬ್ಬಳು ನಮ್ಮನೇಲಿ ಕೂತ್ಕೊಂಡು ನಿಮ್ಮಪ್ಪನ ಪರವಾಗಿ ಮಾತಾಡ್ತಾಳಲ್ಲೇ" ಎಂದರು. ಸಾರ್‌ಗೂ ಆ ಹೆಂಗಸಿನ ಬಾಯಲ್ಲಿ ತಮ್ಮ ಮಾತು ಆಡಿಸಲು ಸಂಕೋಚ. ಅಷ್ಟು ದೊಡ್ಡ ಗಂಟಲಿನ ಮನುಷ್ಯ ಹೆಂಡತಿಗೆ ಹೇಳುವ ಮಾತನ್ನು ಯಾವತ್ತೂ ಊರಿಗೆ ಕೇಳಿಸಿದವರಲ್ಲ.

ಹಾಗೆ ನಾವು ಯಂತ್ರ ಹುಡುಕಲು ಕೂತೆವು. ನಾನು ಭೌತಶಾಸ್ತ್ರದವಳು, ನನಗೆಲ್ಲ ಗೊತ್ತಿರುತ್ತದೆ ಎಂದು ಅವರು ನಂಬಿದ್ದರು. ನನಗೆ ಏನೂ ಗೊತ್ತಿರಲಿಲ್ಲ. ಕಾಲೇಜು ಮುಗಿಸಿ ಬಂದು ವಿಡಿಯೋ ನೋಡುವುದು, ಕೊಂಡವರು ಬರೆದದ್ದನ್ನು ಓದಿ ಸಾರ್‌ಗೆ ಕನ್ನಡದಲ್ಲಿ ಹೇಳುವುದು, ಇದೇ ಕೆಲಸವಾಯಿತು. ಒಬ್ಬರು ಹೊಗಳಿದ್ದನ್ನು ಇನ್ನೊಬ್ಬರು ತೆಗಳಿರುತ್ತಿದ್ದರು. ಪಿಂಚಣಿಯಲ್ಲಿ ಬದುಕುವವರು, ಔಷಧಿಗೆ ಹೋಗಿ ಉಳಿದದ್ದರಲ್ಲಿ ಬರುವಂಥದ್ದೇ ಬೇಕಿತ್ತು. ಎಲ್ಲಕ್ಕಿಂತ ಅಗ್ಗದ್ದು ಒಂದಿತ್ತು, ಬಿಡಿಬಿಡಿಯಾಗಿ ಡಬ್ಬಿಯಲ್ಲಿ ಬಂದು ನಾವೇ ಜೋಡಿಸಿಕೊಳ್ಳುವಂಥದ್ದು. ನನಗೆ ಅದೇ ಸಾಕು ಅನಿಸಿತ್ತು. ಸಾರ್ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದರು. ಮೋಟಾರು ಗಟ್ಟಿ ಮರಕ್ಕೆ ತಾಗಿದಾಗಲೆಲ್ಲ ಅದರ ಪ್ಲಾಸ್ಟಿಕ್ ತೋಳು ಅದುರುತ್ತಿತ್ತು. ಅಕ್ಷರದ ಅಂಚು ಗರಗಸದ ಹಲ್ಲಿನಂತಾಗಿತ್ತು.

"ಇದು ಬೇಡ ಮೇಡಂ" ಎಂದರು. "ನಡುಗೋ ಕೈ ನಂದೇ ಐತಲ್ಲ. ನಡುಗೋ ಮಿಷಿನ್ ಬೇರೆ ಯಾಕೆ?"

ಆ ಮಾತಿನಿಂದ ನನಗೊಂದು ದಾರಿ ಸಿಕ್ಕಿತು. ಅಲ್ಲಿಯವರೆಗೆ ಎಷ್ಟು ದೊಡ್ಡದು, ಎಷ್ಟು ವೇಗ ಎಂದು ನೋಡುತ್ತಿದ್ದವಳು, ಯಾವುದು ಅಲುಗುವುದಿಲ್ಲ ಎಂದು ನೋಡತೊಡಗಿದೆ.

ಕಣ್ಣಾರೆ ಒಂದನ್ನು ನೋಡೋಣವೆಂದು ಸಾರ್, ಅಮ್ಮ, ನಾನು ಮೂವರೂ ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋದೆವು. ಹೈವೇ ಪಕ್ಕ ಮನೆ ಬಾಗಿಲುಗಳನ್ನು ಕೆತ್ತುವ ಅಂಗಡಿಯೊಂದರಲ್ಲಿ ಮಂಚದಷ್ಟು ದೊಡ್ಡ ಸಿಎನ್‌ಸಿ ಇದೆ ಎಂದು ನನ್ನ ಸಹೋದ್ಯೋಗಿಯೊಬ್ಬರು ಹೇಳಿದ್ದರು. ಅಂಗಡಿಯ ಮುಂದೆ ಸಾಲಾಗಿ ನಿಲ್ಲಿಸಿದ್ದ ಬಾಗಿಲುಗಳ ಹತ್ತಿರ ಅಮ್ಮನನ್ನು ಕರೆದುಕೊಂಡು ಹೋದೆ. ಅವರು ಬಳ್ಳಿ, ನವಿಲು, ಕಮಲ ಎಂದು ಒಂದೊಂದನ್ನೇ ಮುಟ್ಟಿ ಹೇಳಿದರು. "ಎಷ್ಟು ನುಣುಪಾಗಿ ಬಂದಿದೆ, ನವಿಲಿನ ಕಣ್ಣೂ ಸಿಗುತ್ತೆ ನೋಡು" ಎಂದು ನನ್ನ ಕೈ ಹಿಡಿದು ಅಲ್ಲಿಗಿಟ್ಟರು.

ಒಳಗೆ ಯಂತ್ರ ಓಡುತ್ತಿತ್ತು. ಪಕ್ಕದಲ್ಲಿ ಪುಡಿ ಎಳೆದುಕೊಳ್ಳುವ ಬ್ಲೋಯರ್ ಬೇರೆ. ಸಾರ್ ಅಂಗಡಿಯವರ ಹತ್ತಿರ ಹೋಗಿ ಏನೋ ಕೇಳಿದರು. ಅವರು ಬಗ್ಗಿ ಕಿವಿ ಕೊಟ್ಟರು. ಸಾರ್ ಮತ್ತೆ ಕೇಳಿದರು, ಕುತ್ತಿಗೆಯ ನರಗಳು ಉಬ್ಬಿದವು.

"ಜೋರಾಗಿ ಹೇಳಿ ಯಜಮಾನ್ರೇ" ಎಂದರು ಅಂಗಡಿಯವರು. ಕೆಟ್ಟ ಮನುಷ್ಯರೇನಲ್ಲ. ಇನ್ನೊಮ್ಮೆ ಕೇಳಿಸಿಕೊಳ್ಳಲು ನೋಡಿ, ಕೈಬಿಟ್ಟು, ನನ್ನ ಕಡೆ ತಿರುಗಿದರು. "ಏನಂತಾರೆ ಮೇಡಂ ಇವ್ರು?"

ಸಾರ್ ತುಟಿಯ ಮೇಲೆ ನಾನು ಓದಿಕೊಂಡಿದ್ದೆ. "ಇದು ಓಡ್ವಾಗ ನಡುಗಲ್ವಾ ಅಂತ ಕೇಳ್ತಿದ್ದಾರೆ" ಎಂದೆ.

ಅಂಗಡಿಯವರು ಯಂತ್ರ ನಿಲ್ಲಿಸಿ, ಕೂರಿಸಿ, ಟೀ ತರಿಸಿ, ಬಿಡಿಸಿ ಹೇಳಿದರು. "ಅಕ್ಷರ ಕೆತ್ತಕ್ಕೆ ಇಷ್ಟು ದೊಡ್ಡದು ಬೇಡ. ಇದಕ್ಕೆ ಮೂರು ಫೇಸ್ ಕರೆಂಟ್ ಬೇಕು, ಮನೇಲಿ ಆಗಲ್ಲ. ಚಿಕ್ಕದೇ ತಗೊಳ್ಳಿ, ಆದ್ರೆ ಮೈ ಗಟ್ಟಿ ಇರ್ಲಿ. ಅಲ್ಯೂಮಿನಿಯಂ ಫ್ರೇಮ್ ಇರ್ಬೇಕು. ಬೆಲ್ಟ್ ಮೇಲೆ ಎಳೆಯೋದು ಬೇಡ, ಅದುರುತ್ತೆ, ಸ್ಕ್ರೂ ಮೇಲೆ ಓಡೋದು ತಗೊಳ್ಳಿ. ಹೊರದೇಶದಿಂದ ತರಿಸೋದು ಅಗ್ಗ ಕಾಣುತ್ತೆ, ಒಂದು ಬೋರ್ಡ್ ಸುಟ್ರೆ ಕೇಳೋರಿಲ್ಲ. ಬೆಂಗ್ಳೂರಲ್ಲೇ ಜೋಡಿಸಿ ಕೊಡೋರು ಇದ್ದಾರೆ, ಸ್ವಲ್ಪ ಹೆಚ್ಚಾದ್ರೂ ಅವ್ರ ಹತ್ರಾನೇ ತಗೊಳ್ಳಿ." ನಾವು ವಾರಗಟ್ಟಲೆ ಓದಿ ಗೊಂದಲ ಮಾಡಿಕೊಂಡಿದ್ದು ಒಂದು ಟೀ ಮುಗಿಯುವುದರೊಳಗೆ ತಿಳಿಯಾಯಿತು.

ವಾಪಸ್ಸು ಬರುವಾಗ ಬಸ್ಸು ಶಿಡ್ಲಘಟ್ಟದಲ್ಲಿ ನಿಂತಿತು. ಸಾರ್ ಕಿಟಕಿಯಾಚೆ ನೋಡುತ್ತ ಪಕ್ಕದಲ್ಲಿದ್ದ ಅಮ್ಮನಿಗೆ ಏನೋ ಹೇಳಿದರು.

"ಏನಂದ್ರಿ?" ಎಂದರು ಅಮ್ಮ.

ಸಾರ್ ಮತ್ತೆ ಹೇಳಿದರು.

"ಬಸ್ ಸದ್ದಲ್ಲಿ ಕೇಳಲ್ಲ ರೀ. ಏನಂದ್ರಿ?"

ಸಾರ್ ಅವರ ಕೈ ತಟ್ಟಿ ಕಿಟಕಿಯ ಕಡೆ ತಿರುಗಿದರು. ಹಿಂದಿನ ಸೀಟಿನಲ್ಲಿ ಮುಂದಕ್ಕೆ ಬಾಗಿ ಕೂತಿದ್ದ ನನಗೆ ಕೇಳಿಸಿತ್ತು. "ಇಲ್ಲೇ ಅಲ್ವೇನೇ ನಾನು ಕೂಗ್ತಿದ್ದಿದ್ದು" ಎಂದಿದ್ದರು. ಅದನ್ನು ನಾನು ಅಮ್ಮನಿಗೆ ಹೇಳಬಹುದಾಗಿತ್ತು. ಗಂಡ ಹೆಂಡಿರ ನಡುವೆ ಇಷ್ಟು ಸಣ್ಣ ಮಾತಿಗೂ ನಾನು ಬರಬೇಕೇ ಅನಿಸಿ ಹಿಂದಕ್ಕೆ ಒರಗಿಕೊಂಡೆ.

ಯಂತ್ರ ಬಂದ ಭಾನುವಾರ ಮಗಳೂ ಬಂದಳು. ಅವಳಿಗೆ ಇದು ಸುತರಾಂ ಇಷ್ಟವಿರಲಿಲ್ಲ. "ಕೈ ನಡುಗೋರ ಮುಂದೆ ಕತ್ತರಿಸೋ ಮಿಷಿನ್ ಇಡ್ತೀರಲ್ಲ ಮೇಡಂ, ಬೆರಳು ಹೋದ್ರೆ ಯಾರು ನೋಡ್ಕೋತಾರೆ?" ಎಂದು ನನ್ನನ್ನೇ ಕೇಳಿದಳು. ಅವಳ ಭಯದಲ್ಲಿ ತಪ್ಪೇನಿರಲಿಲ್ಲ. ಸಾರ್ ಟೈಪ್ ಮಾಡುವುದಷ್ಟೇ, ಹಲಗೆ ಬಿಗಿಯುವುದು, ಮೋಟಾರ್ ಸ್ವಿಚ್ ಹಾಕುವುದು ನನ್ನ ಕೆಲಸ, ಮುಂದುಗಡೆ ಪಾರದರ್ಶಕ ಹಾಳೆಯ ತಡೆಯೊಂದನ್ನು ಹಾಕಿಸೋಣ ಎಂದು ಒಪ್ಪಂದವಾಯಿತು. ಆಮೇಲೆ ಅವಳೇ ಗೊಣಗುತ್ತ ಕೂತು ಒಂದೊಂದು ಸ್ಕ್ರೂವನ್ನೂ ಮತ್ತೊಮ್ಮೆ ಬಿಗಿದಳು. ಸಾರ್ ಯಂತ್ರದ ಚೌಕಟ್ಟಿನ ಮೇಲೆ ಅಂಗೈ ಇಟ್ಟು ಜೋರಾಗಿ ಅಲುಗಿಸಿ ನೋಡಿದರು. ಅವರ ಕೈ ನಡುಗಿತು, ಅದು ಕದಲಲಿಲ್ಲ. ಅವರ ಮುಖದಲ್ಲಿ ಸಮಾಧಾನ ಕಂಡದ್ದು ಆವತ್ತೇ.

ಸಮಾಧಾನ ಬಹಳ ದಿನ ಉಳಿಯಲಿಲ್ಲ. ಮೊದಲ ಪರೀಕ್ಷೆಗೆ 'ಅಮ್ಮ' ಎಂದು ಟೈಪ್ ಮಾಡಿದೆವು. ಪರದೆಯ ಮೇಲೆ ಬರೀ ಖಾಲಿ ಚೌಕಗಳು ಬಂದವು. ಅಕ್ಷರದ ಫಾಂಟು ಬದಲಿಸಿದಾಗ ಕನ್ನಡ ಬಂತು, ಆದರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಿದ್ದಿತ್ತು. ಬೇರೆ ಪದ ಹಾಕಿ ನೋಡಿದರೆ ದೀರ್ಘ ಒಂದು ಕಡೆ, ಕೊಂಬು ಇನ್ನೊಂದು ಕಡೆ. ಯಂತ್ರವನ್ನು ಆರಿಸುವಾಗ ಏನೇನೋ ನೋಡಿದ್ದೆವು, ಅದಕ್ಕೆ ಕನ್ನಡ ಬರುತ್ತದೆಯೇ ಎಂದು ಕೇಳುವುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಮಾರಿದವರನ್ನು ಫೋನಿನಲ್ಲಿ ಕೇಳಿದರೆ, ಇಂಗ್ಲಿಷಲ್ಲಿ ಹಾಕಿ ನೋಡಿ ಮೇಡಂ, ಚೆನ್ನಾಗಿ ಬರುತ್ತೆ ಎಂದರು. ಸಾರ್ ಪರದೆಯ ಮೇಲೆ ಚೆಲ್ಲಾಪಿಲ್ಲಿಯಾಗಿದ್ದ ಅಕ್ಷರಗಳನ್ನೇ ನೋಡಿದರು.

"ನಂದಿರ್ಲಿ, ಪರವಾಲೇದು. ಅಕ್ಷರಕ್ಕೂ ಬಂತಾ ಈ ಕಾಯಿಲೆ?" ಎಂದರು.

ಅಕ್ಷರಗಳನ್ನು ಮೊದಲು ಬೇರೆ ತಂತ್ರಾಂಶದಲ್ಲಿ ಬರೆದು, ಚಿತ್ರದ ಗೆರೆಗಳಾಗಿ ಬದಲಿಸಿ, ಆ ಗೆರೆಗಳನ್ನು ಯಂತ್ರಕ್ಕೆ ಕೊಡಬೇಕು ಎನ್ನುವುದನ್ನು ಕಲಿಯಲು ನನಗೆ ಬಹಳ ದಿನ ಹಿಡಿಯಿತು. ಕೊರೆದ ಅಕ್ಷರಕ್ಕಿಂತ ಉಬ್ಬಿದ ಅಕ್ಷರ ಬೆರಳಿಗೆ ಚೆನ್ನಾಗಿ ಸಿಗುತ್ತದೆ ಎಂದು ಅಮ್ಮನೇ ಹೇಳಿದರು, ಬಾಗಿಲಿನ ನವಿಲು ನೆನೆದು. ಉಬ್ಬಿಸಬೇಕೆಂದರೆ ಸುತ್ತಲಿನ ಮರವನ್ನೆಲ್ಲ ತೆಗೆಯಬೇಕು. ಒಂದು ಸಾಲಿಗೆ ಇಡೀ ಮಧ್ಯಾಹ್ನ ಹಿಡಿಯುತ್ತಿತ್ತು. ನಡುವೆ ಕರೆಂಟು ಹೋದರೆ ಯಂತ್ರ ತಾನೆಲ್ಲಿದ್ದೆ ಎನ್ನುವುದನ್ನೇ ಮರೆತುಬಿಡುತ್ತಿತ್ತು, ಹಲಗೆ ದಂಡ. ಹಾಗೆ ಹಾಳಾದ ಹಲಗೆಗಳು ಶೆಡ್ಡಿನ ಮೂಲೆಯಲ್ಲಿ ರಾಶಿ ಬಿದ್ದವು.

ಮೊದಲು ಸರಿಯಾಗಿ ಬಂದ ಹಲಗೆ ಯಾವುದೆಂದು ನನಗೆ ಚೆನ್ನಾಗಿ ನೆನಪಿದೆ. ಸಾರ್ ಎಡಗೈಯ ಒಂದೇ ಬೆರಳಿನಿಂದ ಟೈಪ್ ಮಾಡಿದ್ದು. ಬೆರಳು ನಡುಗಿ ಒಂದೊಂದು ಅಕ್ಷರ ಎರಡೆರಡು ಸಲ ಬಿದ್ದಿತ್ತು. ನಾನು ಸರಿಪಡಿಸಲು ಕೂತಾಗ ನಾಚಿಕೊಂಡು, "ನೀವು ಓದ್ಬೇಡಿ ಮೇಡಂ" ಎಂದರು.

"ಓದದೆ ಹೆಂಗೆ ಸಾರ್, ಒತ್ತು ಸರಿ ಮಾಡ್ಬೇಕಲ್ಲ."

"ಹಂಗಾದ್ರೆ ಒತ್ತು ಮಾತ್ರ ನೋಡಿ."

ಆ ಹಲಗೆಯನ್ನು ಅಮ್ಮ ಮಡಿಲಿಗಿಟ್ಟುಕೊಂಡು, ಒಂದೇ ಸಲ, ಎಡದಿಂದ ಬಲಕ್ಕೆ, ಎಲ್ಲಿಯೂ ನಿಲ್ಲದೆ ಓದಿದರು. "ಇವತ್ತು ಹಸಿರು ಸೀರೆ ಉಟ್ಟಿದ್ದೀಯ." ಓದಿ, ತಮ್ಮ ಸೆರಗನ್ನು ಕೈಯಲ್ಲಿ ಹಿಡಿದು ಸವರಿ ನೋಡಿಕೊಂಡರು. "ಹಸಿರಾ ಇದು? ಮಗಳು ನೀಲಿ ಅಂದಿದ್ಲು" ಎಂದರು. ಸಾರ್ ನಕ್ಕರು, ಸದ್ದಿಲ್ಲದೆ. ಅವರು ನಕ್ಕದ್ದು ಅಮ್ಮನಿಗೆ ಗೊತ್ತಾಗಲಿಲ್ಲ. "ಸಾರ್ ನಗ್ತಿದ್ದಾರೆ ಅಮ್ಮ" ಎಂದೆ.

ಯಂತ್ರದ ಸದ್ದು ಅಮ್ಮನಿಗೆ ಆಗುತ್ತಿರಲಿಲ್ಲ. ಆ ಗಲಾಟೆಯಲ್ಲಿ ಗಂಡ ಎಡವಿ ಬಿದ್ದರೂ ತಮಗೆ ಕೇಳಿಸುವುದಿಲ್ಲ ಎನ್ನುವುದು ಅವರ ಹೆದರಿಕೆ. ಹಾಗಾಗಿ ಅದು ಓಡುವಷ್ಟು ಹೊತ್ತೂ ಶೆಡ್ಡಿನಲ್ಲಿ ಸಾರ್ ಪಕ್ಕ ಕುರ್ಚಿ ಹಾಕಿಕೊಂಡು, ಅವರ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕೂತಿರುತ್ತಿದ್ದರು. ಮರದ ಪುಡಿ ಇಬ್ಬರ ತಲೆಯ ಮೇಲೂ ಬೀಳುತ್ತಿತ್ತು.

ಒಂದು ಬೇಸಿಗೆ, ಒಂದು ಮಳೆಗಾಲ ಹೀಗೆ ನಡೆಯಿತು. ಅಷ್ಟೇ ನಮಗೆ ಸಿಕ್ಕಿದ್ದು. ದಸರಾ ಹೊತ್ತಿಗೆ ಸಾರ್‌ಗೆ ಒಂದು ಸಾಲು ಟೈಪ್ ಮಾಡುವುದೂ ಆಗುತ್ತಿರಲಿಲ್ಲ. ಬೆರಳನ್ನು ಕೀಲಿಯವರೆಗೆ ಕೊಂಡೊಯ್ಯುವುದರೊಳಗೆ ಅದು ಬೇರೆಲ್ಲೋ ಇಳಿಯುತ್ತಿತ್ತು. ನಾನು ಪಕ್ಕದಲ್ಲಿ ಕೂತು, ತುಟಿ ನೋಡಿ, ಊಹಿಸಿ ಟೈಪ್ ಮಾಡಲು ನೋಡಿದೆ. ಆಮೇಲೆ ತುಟಿಯೂ ಆಡುವುದು ಕಡಿಮೆಯಾಯಿತು. ಮುಖದ ಸ್ನಾಯುಗಳು ಬಿಗಿದುಕೊಂಡು, ನಗುವೋ ಅಳುವೋ ಕಾಣದಂತಾಯಿತು. ನಡುಗದ ಯಂತ್ರ ಶೆಡ್ಡಿನಲ್ಲಿತ್ತು. ಕರೆಂಟಿತ್ತು, ಹಲಗೆಗಳಿದ್ದವು, ಒತ್ತಕ್ಷರ ಸರಿಯಾಗಿ ಬರುತ್ತಿತ್ತು. ಏನು ಕೆತ್ತಬೇಕು ಎನ್ನುವುದು ಅವರೊಳಗೇ ಉಳಿಯಿತು. ನಾನು ಮಾಡಬಹುದಾದದ್ದು ಏನೂ ಇರಲಿಲ್ಲ. ಸಂಜೆ ಹೊತ್ತು ಹೋಗಿ ಪಕ್ಕದಲ್ಲಿ ಕೂತು ಕಾಲೇಜಿನ ಸುದ್ದಿ ಹೇಳಿ ಬರುತ್ತಿದ್ದೆ.

ಒಂದು ಮಧ್ಯಾಹ್ನ ಊಟ ಮಾಡುವಾಗ ಅನ್ನ ಗಂಟಲಲ್ಲಿ ದಾರಿ ತಪ್ಪಿ ಶ್ವಾಸಕ್ಕೆ ಹೋಯಿತು. ನುಂಗುವ ಸ್ನಾಯುಗಳೂ ಸೋತಿದ್ದವು. ಎರಡು ದಿನಕ್ಕೆ ಜ್ವರ, ನ್ಯುಮೋನಿಯಾ. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿದೆವು. ಮುಖಕ್ಕೆ ಆಮ್ಲಜನಕದ ಮಾಸ್ಕು. ಮಗಳು ಡಾಕ್ಟರರ ಹಿಂದೆ ಓಡಾಡುತ್ತಿದ್ದಳು. ಅಮ್ಮನನ್ನು ನಾನು ಕರೆದುಕೊಂಡು ಹೋಗಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದೆ.

ಸಾರ್ ಎಚ್ಚರವಾಗಿದ್ದರು. ಅಮ್ಮನ ಕೈ ಎಳೆದುಕೊಂಡು ಅಂಗೈ ಬಿಡಿಸಿ, ತೋರುಬೆರಳಿನಿಂದ ಅದರ ಮೇಲೆ ಬರೆಯತೊಡಗಿದರು. ಮೊದಲ ಅಕ್ಷರಕ್ಕೇ ಬೆರಳು ಹಾರಿತು. ತಿರುಗಿ ತಂದು ಮತ್ತೆ ಇಟ್ಟರು. ಬರೆದರು, ನಿಂತರು, ಬರೆದರು. ಅಮ್ಮ ಮುಖ ಬಗ್ಗಿಸಿ, ಪೂರ್ತಿ ಅಂಗೈಯಾಗಿ ಕೂತಿದ್ದರು. ಹಜಾರದಲ್ಲಿ ಮಾಡಿದ ಹಾಗೆ ಈಗಲೂ ಏನಾದರೊಂದು ಹೇಳಿ ನಗುತ್ತಾರೆ ಅಂದುಕೊಂಡೆ. ಅಮ್ಮ ನಗಲಿಲ್ಲ.

"ಗೊತ್ತಾಗ್ತಿಲ್ಲ ರೀ" ಎಂದರು. "ಇನ್ನೊಂದು ಸಲ ಬರೀರಿ."

ಸಾರ್ ಮತ್ತೆ ಬರೆದರು.

"ಇಲ್ಲ ರೀ. ನಿಧಾನ. ಇನ್ನೊಂದು ಸಲ."

ನಾನು ಬಗ್ಗಿ ನೋಡಿದೆ. ಬೆರಳಿನ ಚಲನೆಯಿಂದ ಅಕ್ಷರ ಹಿಡಿಯಲು ನೋಡಿದೆ. ಒಂದು ಸುತ್ತು, ಒಂದು ಎಳೆ, ಮೇಲೆ ಹೋಗುವ ಒಂದು ಗೀಟು. ಅದರಲ್ಲಿ ಎಷ್ಟು ಅವರು ಬರೆದದ್ದು, ಎಷ್ಟು ನಡುಕ ಬರೆದದ್ದು, ಯಾರು ಹೇಳಬೇಕು? ಸಾರ್ ನನ್ನ ಕಡೆ ನೋಡಿದರು, ನೀವಾದರೂ ಹೇಳಿ ಎನ್ನುವಂತೆ. ನಾನು ಇಲ್ಲವೆಂದು ತಲೆಯಾಡಿಸಿದೆ. ಅವರ ಕೈ ಅಮ್ಮನ ಅಂಗೈಯಲ್ಲೇ ಸೋತು ಮಲಗಿತು. ಅಮ್ಮ ಅದರ ಮೇಲೆ ಇನ್ನೊಂದು ಕೈ ಮುಚ್ಚಿದರು. ಮಾರನೆಯ ದಿನ ಬೆಳಿಗ್ಗೆ, ಮಗಳು ಕಾಫಿ ತರಲು ಹೋಗಿದ್ದಾಗ, ಸಾರ್ ಹೋದರು.

ನಾನಿನ್ನೂ ಅದೇ ಮಹಡಿಯ ಮೇಲಿದ್ದೇನೆ. ಬೇಸಿಗೆಯಲ್ಲಿ ನಿಜವಾಗಿಯೂ ಬಿಸಿಲು ಜಾಸ್ತಿ. ಮಗಳು ಅಮ್ಮನನ್ನು ಗೌರಿಬಿದನೂರಿಗೆ ಕರೆದಳು. ಡಬ್ಬಗಳೆಲ್ಲ ಇಲ್ಲೇ ಇವೆ ಎಂದು ಅಮ್ಮ ಹೋಗಲಿಲ್ಲ. ಮಗಳೇ ಈಗ ಚಿಂತಾಮಣಿಗೆ ವರ್ಗ ಮಾಡಿಸಿಕೊಳ್ಳಲು ಓಡಾಡುತ್ತಿದ್ದಾಳೆ. ಯಂತ್ರದ ಮೇಲೆ ಹಳೆಯ ಬೆಡ್‌ಶೀಟು ಹೊದಿಸಿದ್ದೇನೆ, ಆಗಾಗ ಸ್ಕ್ರೂಗಳಿಗೆ ಎಣ್ಣೆ ಬಿಡುತ್ತೇನೆ. ಅಮ್ಮನಿಗೆ ಏನಾದರೂ ಕೆತ್ತಿಕೊಡಲೇ ಎಂದು ಒಮ್ಮೆ ಕೇಳಿದೆ. "ಬೇಡ ತಾಯಿ. ನೀನು ಬಾಯಲ್ಲೇ ಹೇಳ್ತೀಯಲ್ಲ" ಎಂದರು.

ಸಾರ್ ನನಗೆ ಕೊಟ್ಟದ್ದು ಇದು: ಯಾರೂ ಬಾಗಿಲು ತೆರೆಯದಿದ್ದ ಕಾಲಕ್ಕೆ ಒಂದು ಮನೆ, ಅದರ ಜೊತೆಗೆ ಒಬ್ಬ ತಾಯಿ. ಅವರಿಗೆ ನಾನು ತಿರುಗಿ ಕೊಡಬಹುದಾಗಿದ್ದದ್ದು ಒಂದೇ ಒಂದು, ಆ ದಿನ ಅವರು ಬರೆದದ್ದನ್ನು ಓದಿ ಹೇಳುವುದು. ಅದು ನನ್ನ ಕೈಲಾಗಲಿಲ್ಲ.

ಹೋದ ವಾರ ಸಂಜೆ ಕೆಳಗೆ ಹೋಗಿದ್ದಾಗ ಅಮ್ಮ ಸೊಪ್ಪು ಬಿಡಿಸುತ್ತಿದ್ದವರು ನಿಲ್ಲಿಸಿ, "ನೀನು ನೋಡಿದ್ಯಲ್ಲ ತಾಯಿ, ಏನಂತ ಬರೆದ್ರು?" ಎಂದರು. ಆಗಾಗ ಕೇಳುತ್ತಿರುತ್ತಾರೆ.

"ನಂಗೂ ಗೊತ್ತಾಗ್ಲಿಲ್ಲ ಅಮ್ಮ."

"ಕೈ ಕೊಡು" ಎಂದರು. ನನ್ನ ಅಂಗೈಯನ್ನು ಬಿಡಿಸಿ ಮಡಿಲಲ್ಲಿಟ್ಟುಕೊಂಡು, ತಮ್ಮ ಬೆರಳಿನಿಂದ ಅದರ ಮೇಲೆ ಬರೆದು ತೋರಿಸಿದರು. ಎಲ್ಲಿ ಬೆರಳು ಹಾರಿತ್ತೋ ಅಲ್ಲಿ ಹಾರಿಸಿದರು, ಎಲ್ಲಿ ನಿಂತಿತ್ತೋ ಅಲ್ಲಿ ನಿಲ್ಲಿಸಿದರು, ನಡುಕವನ್ನೂ ಬಿಡಲಿಲ್ಲ. ಎಲ್ಲವನ್ನೂ ಹಾಗೆಯೇ ಇಟ್ಟುಕೊಂಡಿದ್ದಾರೆ. ಬರೆದು ಮುಗಿಸಿ ನನ್ನ ಮಾತಿಗಾಗಿ ಕಾದರು.

ನಾನು ಕಣ್ಣು ಮುಚ್ಚಿಕೊಂಡು, "ಇನ್ನೊಂದು ಸಲ ಬರೀರಿ ಅಮ್ಮ" ಎಂದೆ.